ಅತ್ತೆಯ ಬಿಳಿ ಸೀರೆ

ಬೆಳಿಗ್ಗೆ ಹೊರದೇಶದ ವಿಮಾನಗಳು ಊರ ತುಂಬ ಕರಪತ್ರ ಉದುರಿಸಿದವು. 'ನಿಮ್ಮ ಸರ್ಕಾರದಿಂದ ನಿಮ್ಮನ್ನು ಕಾಪಾಡಲು ಬರುತ್ತಿದ್ದೇವೆ. ಮನೆಯ ಮೇಲೆ ಬಿಳಿ ಬಟ್ಟೆ ಹಾಕಿ. ಅಂಥ ಮನೆಗೆ ಬಾಂಬು ಬೀಳುವುದಿಲ್ಲ.'

ಮಧ್ಯಾಹ್ನ ಸೈನ್ಯದ ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು. 'ಇದು ನಮ್ಮ ದೇಶದ ವಿಷಯ. ಹೊರಗಿನವರು ಮೂಗು ತೂರಿಸಬೇಕಾಗಿಲ್ಲ. ಬಿಳಿ ಬಟ್ಟೆ ಹಾಕಿದವರು ದೇಶದ್ರೋಹಿಗಳು.'

ಮನೆಯಲ್ಲಿದ್ದದ್ದು ಅವಳು, ಅವಳ ಗಂಡ ಇಬ್ಬರೇ. ಅವಳು ಯೋಚಿಸಿದಳು. ಸತ್ತ ಅತ್ತೆಯ ಬಿಳಿ ಸೀರೆಯನ್ನು ಟ್ರಂಕಿನಿಂದ ತೆಗೆದು, ನೀರಿನಲ್ಲಿ ಅದ್ದಿ, ತಾರಸಿಯ ತಂತಿಯ ಮೇಲೆ ಬೇರೆ ಬಟ್ಟೆಗಳ ನಡುವೆ ಒಣಹಾಕಿದಳು.

ಸೀರೆಯ ನೀರು ಇಳಿಯುವ ಮೊದಲೇ ಬೂಟುಗಳು ಮೆಟ್ಟಿಲು ಹತ್ತಿ ಬಂದವು.

"ಯಾರದಮ್ಮ ಇದು?" ಸೆರಗು ಹಿಡಿದು ಅಧಿಕಾರಿ ಕೇಳಿದ.

"ನಮ್ಮತ್ತೇದು ಸ್ವಾಮಿ. ಗಂಡ ಇಲ್ಲದೋರು, ಬಿಳೀದೇ ಉಡ್ತಾರೆ. ಒಗೆದು ಹಾಕಿದೀನಿ, ಅಷ್ಟೇ."

"ಕರಿ ಅವರನ್ನ."

ಅವಳು ಗಂಡನ ಮುಖ ನೋಡಿದಳು. ಅವನು ತಾರಸಿಯ ಬಾಗಿಲಿಂದ ಮುಂದೆ ಬಂದು ಕೈಮುಗಿದ.

"ಅಮ್ಮ ಹೋಗಿ ವರ್ಷ ಆಯ್ತು ಸಾರ್," ಎಂದ. "ಇವಳು ಭಯಕ್ಕೆ ಹಂಗಂದ್ಲು. ತಪ್ಪಾಯ್ತು, ಈಗಲೇ ತೆಗೀತೀವಿ."

"ಅಂದ್ರೆ ಈ ಮನೇಲಿ ಬಿಳಿ ಸೀರೆ ಉಡೋರು ಯಾರೂ ಇಲ್ಲ."

"ಇಲ್ಲ ಸಾರ್."

ಅವಳು ಸೀರೆ ಎಳೆದುಕೊಳ್ಳಲು ಹೋದಳು. ಅಧಿಕಾರಿ ಅವಳ ಹಣೆಯ ಕುಂಕುಮವನ್ನೇ ನೋಡುತ್ತ ಒಂದು ಕ್ಷಣ ನಿಂತ. ಆಮೇಲೆ ಪಿಸ್ತೂಲು ತೆಗೆದು ಗಂಡನ ಎದೆಗೆ ಗುಂಡು ಹೊಡೆದ.

"ತೆಗೀಬೇಡಮ್ಮ, ಒಣಗಲಿ. ಇನ್ಮೇಲೆ ನೀನೇ ಉಡಬೇಕಲ್ಲ."