ಯಜಮಾನನ ತುಂಡು

ನೆಕೋಯೆ ಹಿತ್ತಲಲ್ಲಿ ಮುದ್ದಿನಿಂದ ಸಾಕಿಕೊಂಡಿದ್ದ ಬಿಳಿ ಹೇಂಟೆಯನ್ನು ಮೈದುನ ಮಕೋಖಾ ಅವಳನ್ನು ಕೇಳದೆ ಕೊಯ್ದ. ಕರೆದರೆ ಓಡಿಬಂದು ಮಡಿಲೇರುತ್ತಿದ್ದ ಅದನ್ನು ಅವಳೇ ಬೇಯಿಸಬೇಕಾಯಿತು.

ಈಗ ತಟ್ಟೆ ಅವಳ ಕೈಯಲ್ಲಿತ್ತು. ಉಗಾಲಿ ಮುದ್ದೆಯ ಪಕ್ಕ, ಮಾಂಸದ ಮೇಲೆ, ಕೋಳಿ ಕಾಳು ಅರೆಯುವ ಗಟ್ಟಿ ಹೊಟ್ಟೆ. ಆ ತುಂಡು ಮನೆಯ ಯಜಮಾನನದು, ಹೆಂಡತಿಯೇ ಬಡಿಸಬೇಕು. ಗಂಡ ಬದುಕಿದ್ದಾಗ ಅವನಿಗೆ ಬಡಿಸುತ್ತಿದ್ದಳು. ಇಂದು ಹಿರಿಯರೆದುರು ಮಕೋಖಾನಿಗೆ ಬಡಿಸಿದರೆ ಅವನೇ ಅವಳ ಗಂಡ. ಮನೆಯೂ ಹೊಲವೂ ಅವನ ಪಾಲು.

"ತಗೊಂಡ್ ಬಾರೇ ನೆಕೋಯೆ, ಹಸಿವಾಗ್ತೈತೆ," ಎಂದ ಮಕೋಖಾ. ನಿನ್ನೆಯವರೆಗೂ ಅವನ ಬಾಯಲ್ಲಿ ಅವಳು ಅತ್ತಿಗೆ.

"ಕೋಳಿಗೋಸ್ಕರ ಮುಖ ಊದಿಸ್ಕೊಂಡವ್ಳೆ," ಎಂದು ಹಿರಿಯನೊಬ್ಬ ನಕ್ಕ. "ಗಂಡ ಅಂತ ಒಬ್ಬ ಇದ್ರೆ ಹತ್ತು ಕೋಳಿ ತಂದ್ಕೊಡ್ತಾನೆ ಬಿಡವ್ವ."

ಅತ್ತೆ ನೆಕೋಯೆಯ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. "ಬಡ್ಸೇ. ಎಲ್ರೂ ಕಾಯ್ತಾವ್ರೆ."

ನೆಕೋಯೆ ಆ ತುಂಡನ್ನು ಎತ್ತಿ ಮುಷ್ಟಿಯೊಳಗೆ ಹಿಡಿದಳು. ಬಿಸಿ ಸಾರು ಮಣಿಕಟ್ಟಿನ ಮೇಲೆ ಇಳಿಯಿತು. ಉಳಿದ ಊಟದ ತಟ್ಟೆಯನ್ನು ಮಕೋಖಾನ ಮುಂದಿಟ್ಟಳು.

"ಉಣ್ಣು ಮೈದ್ನ, ಹಸಿದೋರ್ಗೆ ಇಲ್ಲ ಅನ್ನಲ್ಲ," ಎಂದಳು. "ಇದನ್ನ ಮಾತ್ರ ನಿಂಗೆ ಬಡ್ಸಲ್ಲ."