ಅಜ್ಜಿಯ ಎಡ ಅಂಗೈ

ಮೊನ್ನೆ ತುಮಕೂರಿನ ಮದುವೆಯೊಂದರಲ್ಲಿ ಹೊಗೆಯಾಡುವ ಬಿಸ್ಕತ್ತು ಹಂಚುತ್ತಿದ್ದರು. ಡಬ್ಬಿಯ ಅಂಚಿನಿಂದ ಕೆಳಕ್ಕಿಳಿಯುವ ಆ ತಣ್ಣನೆಯ ಹೊಗೆ ಕಂಡು ಗುಬ್ಬಿ ಊರಿನ ಆಸ್ಪತ್ರೆಯ ಒಂದು ಮಧ್ಯಾಹ್ನ ನೆನಪಾಯಿತು.

ಅಜ್ಜಿಯ ಎಡ ಅಂಗೈಯ ನಡುವೆ ಹುಣಸೆಬೀಜಕ್ಕಿಂತ ದೊಡ್ಡ ನರಹುಲಿ ಬೆಳೆದಿತ್ತು. ಪೂಜೆಗೆ ಕೂತರೆ ಇಷ್ಟಲಿಂಗ ವಾಲುತ್ತಿತ್ತು, ಬಲಗೈ ಆಸರೆ ಕೊಡಬೇಕಿತ್ತು. ಆಪರೇಷನ್ ಮಾಡಿಸೋಣವೆಂದು ಅಪ್ಪ ಅಂದರೆ, "ಲಿಂಗ ಕೂರೋ ಜಾಗಕ್ಕೆ ಚಾಕು ಹಾಕುಸ್ತೀಯೇನ್ಲಾ?" ಎಂದು ಗದರುತ್ತಿದ್ದಳು.

ಕೊನೆಗೆ ಕೊಯ್ಯದೆ ತೆಗೆಯುತ್ತಾರೆಂದು ಒಪ್ಪಿಸಿ ಅವಳನ್ನು ಗುಬ್ಬಿಗೆ ಕರೆದೊಯ್ದೆವು. ಅಲ್ಲಿನ ಚರ್ಮದ ಡಾಕ್ಟರು ದನದ ಆಸ್ಪತ್ರೆಯಿಂದ, ಹೋರಿಯ ವೀರ್ಯ ಕೆಡದಂತೆ ಇಡುವ, ಹೀಗೇ ತಣ್ಣನೆ ಹೊಗೆಯಾಡುವ ದ್ರವ ನೈಟ್ರೋಜನ್ ಅನ್ನು ಫ್ಲಾಸ್ಕಿನಲ್ಲಿ ತರಿಸಿದ್ದರು. ಅದರಲ್ಲಿ ಅದ್ದಿದ ಹತ್ತಿಯನ್ನು ನರಹುಲಿಗೆ ಒತ್ತಿದಾಗ ಅಜ್ಜಿ ನನ್ನ ಭುಜ ಹಿಂಡಿದಳು.

"ತಣ್ಗಿರ್ತದೆ ಅಂದ್ಯಲ್ಲಪ್ಪಾ, ಕೆಂಡದಂಗೆ ಸುಡ್ತದೆ!"

"ಆಯ್ತು ಅಜ್ಜಿ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ತಾನೇ ಉದುರೋಗುತ್ತೆ" ಎಂದರು ಡಾಕ್ಟರು.

"ದನಗಳದ್ನ ತಂದು ನನ್ಗೆ ಹಾಕ್ಬುಟ್ಟ" ಎಂದು ಅಜ್ಜಿ ಊರಿಗೆ ಮರಳುವಾಗ ಬಸ್ಸಿನವರನ್ನೆಲ್ಲ ನಗಿಸಿದಳು.

ಹೀಗೆ ಮೂರ್ನಾಲ್ಕು ಸಲ ಹೋಗಿ ಬಂದ ಮೇಲೆ ನರಹುಲಿ ಕಪ್ಪಾಗಿ ಉದುರಿತು. ಅಂಗೈಯ ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಅದರ ಮೇಲೆ ಲಿಂಗವಿಟ್ಟು, ಬಲಗೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡಳು. ಲಿಂಗ ಅಲುಗಲಿಲ್ಲ. ಪೂಜೆಯ ನಡುವೆ ಉಸಿರೆತ್ತಬಾರದೆಂದು ನಮಗೆಲ್ಲ ಹೇಳಿಕೊಟ್ಟಿದ್ದವಳೇ ಸೂರು ಹಾರಿಹೋಗುವಂತೆ ಕೂಗಿದಳು: "ನಿಮ್ಮಪ್ಪನ್ನ ಕರ್ಯೇ, ಬಂದು ನೋಡ್ಲಿ!"