ಹಾಲಮ್ಮ ಅಳಿಸದೆ ಇಟ್ಟಿದ್ದ ಐಕಾನ್‌ಗಳು

ಹರಿಹರದ ಬಸ್ ಸ್ಟ್ಯಾಂಡ್ ಹಿಂದೆ ಒಂದು ಲಗ್ನಪತ್ರಿಕೆ ಅಂಗಡಿ. ಅಲ್ಲಿನ ಕಂಪ್ಯೂಟರ್ ಸರ್ವಿಸ್ ಮಾಡಲು ಕೊಟ್ರೇಶ ಬಂದಿದ್ದ...

ಕೆಲಸದಲ್ಲಿ ಪಂಟ. ಬಾಯಿ ಮಾತ್ರ ಸ್ವಲ್ಪ ಜೋರು. ತನಗೆ ಗೊತ್ತಿರುವುದೆಲ್ಲ ಊರಿಗೇ ಗೊತ್ತಿರಬೇಕು ಅನ್ನುವ ಪೈಕಿ!

ಸ್ಕ್ರೀನ್ ನೋಡಿದವನೇ ನಕ್ಕುಬಿಟ್ಟ.

"ಏನಕ್ಕಾ ಇದು? ಹಳೇ ಸಾಫ್ಟ್‌ವೇರ್‌ಗಳನ್ನ ಹೋದ ವರ್ಷವೇ ಅನ್‌ಇನ್‌ಸ್ಟಾಲ್ ಮಾಡಿದ್ದೀನಿ. ಶಾರ್ಟ್‌ಕಟ್ ಮಾತ್ರ ಇನ್ನೂ ಇಟ್ಕೊಂಡಿದ್ದೀರಲ್ಲ... ಬಾಡಿಗೆಯವರು ಖಾಲಿ ಮಾಡಿದ್ರೂ ಅವರ ಹೆಸರಿನ ಬೋರ್ಡ್ ಹಂಗೇ ಬಿಟ್ಟಂಗಾಯ್ತು!"

ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಕಾರ್ಡ್ ಟೈಪ್ ಮಾಡುತ್ತಿದ್ದ ಹಾಲಮ್ಮ ಮೆಲ್ಲಗೆ ಬಾಯಿ ತೆರೆದರು. "ಅವು ಇರ್ಲಿ ಬಿಡಪ್ಪಾ..."

ಅಷ್ಟರಲ್ಲಿ ಕೊಟ್ರೇಶ ಫೋಲ್ಡರ್‌ಗಳ ನಡುವೆ ಇದ್ದ ಆ ಆರೂ ಬಿಳಿ ಶಾರ್ಟ್‌ಕಟ್ ಐಕಾನ್‌ಗಳನ್ನು ಡಿಲೀಟ್ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ ಆಗಿತ್ತು. ಕೆಳಗಿದ್ದ ಫೋಲ್ಡರ್‌ಗಳು ತಾವಾಗಿಯೇ ಮೇಲೆ ಸರಿದು ಸಾಲಾಗಿ ಕೂತವು.

ಆಗಲೇ ಗಂಡ ಹೆಂಡತಿ ಬಂದರು. ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡಬೇಕಿತ್ತು.

ಹಾಲಮ್ಮ ಅಭ್ಯಾಸದಂತೆ ಮೇಲಿಂದ ಐದನೇ ಜಾಗದಲ್ಲಿದ್ದ ಫೋಲ್ಡರ್ ತೆರೆದು, ಮೊದಲನೇ ಫೈಲ್ ಕ್ಲಿಕ್ ಮಾಡಿದರು.

ಸ್ಕ್ರೀನ್ ತುಂಬ ಬಂದದ್ದು... ಹಾರ ಹಾಕಿದ ಯಾರದೋ ಫೋಟೋ. ಅದರ ಕೆಳಗೆ ದಪ್ಪಕ್ಷರದಲ್ಲಿ 'ಶಿವಗಣಾರಾಧನೆ'!

ಹುಡುಗಿಯ ತಾಯಿ ಎದ್ದೇ ನಿಂತರು. "ಮದುವೆ ಕಾರ್ಡ್ ನೋಡೋಕೆ ಬಂದ್ರೆ ಸತ್ತವರದ್ದು ತೋರಿಸ್ತೀರಲ್ರೀ! ಶುಭ ಕಾರ್ಯಕ್ಕೆ ಇದೆಂಥಾ ಶಕುನ?"

ಮಾಲೀಕ ಮಹಾರುದ್ರಪ್ಪ ಓಡಿಬಂದರು. ಮುಖ ಕೆಂಪಗಾಗಿತ್ತು.

"ನಿಮಗೆ ವಯಸ್ಸಾಯ್ತು ಹಾಲಮ್ಮ. ನಾಳೆಯಿಂದ ಕಂಪ್ಯೂಟರ್‌ಗೆ ಬೇರೆಯವರನ್ನ ಕೂರಿಸ್ತೀನಿ. ನೀವು ಒಳಗೆ ಕೂತು ಕಾರ್ಡ್ ಮಡಚಿದ್ರೆ ಸಾಕು."

ಹಾಲಮ್ಮ ಬೆರಳನ್ನು ಸ್ಕ್ರೀನ್ ಮೇಲೆ ಇಟ್ಟು, ಬಾಯೊಳಗೇ ಎಣಿಸುತ್ತಿದ್ದರು... ಒಂದು... ಎರಡು... ಮೂರು...

ಬ್ಯಾಗ್ ಹೆಗಲಿಗೇರಿಸಿದ್ದ ಕೊಟ್ರೇಶ ಅಲ್ಲೇ ನಿಂತ. ಬಗ್ಗಿ ಪಿಸುಗುಟ್ಟಿದ.

"ಅಕ್ಕಾ... ಹೆಸರು ಓದಲ್ವಾ ನೀವು? ಎಣಿಸಿ ತೆಗೀತೀರಾ?"

"ನಾನು ಓದಿದ್ದು ಕನ್ನಡ ಶಾಲೇಲಿ, ಏಳನೇ ಕ್ಲಾಸಪ್ಪ. ಕನ್ನಡ ಎಷ್ಟು ಬೇಕಾದ್ರೂ ಟೈಪ್ ಮಾಡ್ತೀನಿ. ಈ ಇಂಗ್ಲಿಷ್ ಹೆಸರು ಕೂಡಿಸಿ ಓದೋಕೆ ಬರಲ್ಲ. ನೋಡಿದ್ರೆ ಎಲ್ಲಾ ಫೋಲ್ಡರೂ ಹಳದಿ... ನೀನು ತೆಗೆದ್ಯಲ್ಲ, ಆ ಬಿಳಿ ಐಕಾನು, ಅವನ್ನೂ ಸೇರಿಸಿ ಎಣಿಸ್ತಿದ್ದೆ, ಅವೇ ನನಗೆ ಗುರುತು. ಯಜಮಾನ್ರಿಗೆ ಹೇಳ್ಬೇಡ..."

ಕೊಟ್ರೇಶನಿಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಹನ್ನೊಂದು ವರ್ಷದ ಅನ್ನದ ಮೇಲೆ ಅವನು ಎರಡು ಸೆಕೆಂಡಿನಲ್ಲಿ ಕೈ ಹಾಕಿದ್ದ.

"ಸಾರ್, ತಪ್ಪು ನನ್ನದು" ಎಂದ ಜೋರಾಗಿ. "ಅಕ್ಕ ಬೇಡ ಅಂದ್ರೂ ಕೇಳದೆ ಎಲ್ಲಾ ಜಾಗ ಬದಲಾಯಿಸಿದೆ. ಅಮ್ಮಾ, ನೀವೂ ಕ್ಷಮಿಸಬೇಕು. ಹತ್ತು ನಿಮಿಷ ಕೊಡಿ..."

ಕೂತ. ಒಂದೊಂದೇ ಫೋಲ್ಡರಿನ ಹೆಸರನ್ನು ಕನ್ನಡಕ್ಕೆ ಬದಲಾಯಿಸಿದ. ಆಮೇಲೆ ಕುರ್ಚಿ ಬಿಟ್ಟು ಎದ್ದ.

ಹಾಲಮ್ಮ ಮುಂದೆ ಬಾಗಿದರು. ತಮಗೇ ಗೊತ್ತಿಲ್ಲದೆ ಗಟ್ಟಿಯಾಗಿ ಓದಿದರು.

"ನಾಮಕರಣ... ಗೃಹಪ್ರವೇಶ... ಮದುವೆ..."

ಅಲ್ಲಿಗೇ ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರು ಆಗ ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸುತ್ತಿದ್ದದ್ದು ನೆನಪಾಗಿ ಮಹಾರುದ್ರಪ್ಪನವರಿಗೆ ಈಗ ಎಲ್ಲ ಅರ್ಥವಾಯಿತು. "ಇಷ್ಟು ವರ್ಷ ಎಣಿಸ್ಕೊಂಡೇ ಕೆಲ್ಸ ಮಾಡಿದ್ರಾ? ಒಂದು ದಿನಾನೂ ತಪ್ಪಾಗಿಲ್ವಲ್ರೀ..! ಚೆಂದ ಕಾಣ್ಲಿ ಅಂತ ಇಂಗ್ಲಿಷ್ ಹೆಸರು ಇಟ್ಟವನು ನಾನೇ. ಕೂತ್ಕೊಳ್ಳಿ ಹಾಲಮ್ಮ, ಆ ಕುರ್ಚಿ ನಿಮ್ಮದೇ."

ಹಾಲಮ್ಮ ಎಣಿಸಲಿಲ್ಲ. 'ಮದುವೆ' ಎಂದು ಓದಿ, ಕ್ಲಿಕ್ ಮಾಡಿದರು. ಕಾರ್ಡ್ ಬಂತು. ಒಂದು ಕೊಂಬೂ, ಒಂದು ಸೊನ್ನೆಯೂ ತಪ್ಪಿರಲಿಲ್ಲ.

ಹುಡುಗಿಯ ತಾಯಿ ಮಗಳ ಹೆಸರನ್ನು ಎರಡು ಸಲ ಓದಿಕೊಂಡರು. ಸಿಟ್ಟೆಲ್ಲ ಇಳಿದುಹೋಗಿತ್ತು.

"ದೇವರ ಮುಂದೆ ಇಟ್ಟ ಮೇಲೆ ಮೊದಲನೇ ಕಾರ್ಡ್ ನಿಮಗೇ ಕೊಡ್ತೀನಿ ಹಾಲಮ್ಮ. ಮದುವೆಗೆ ಬರಲೇಬೇಕು..."

ಊರಿನ ಸಾವಿರಾರು ಮನೆಗಳ ಕಾರ್ಡ್ ಮಾಡಿದ ಹಾಲಮ್ಮನನ್ನು ಒಬ್ಬ ಗಿರಾಕಿ ಹೀಗೆ ಕರೆದದ್ದು ಅದೇ ಮೊದಲು!

*

ನಮ್ಮ ಕಣ್ಣಿಗೆ ಕಸವಾಗಿ ಕಂಡದ್ದು ಇನ್ನೊಬ್ಬರಿಗೆ ದಾರಿಯ ಗುರುತಾಗಿರಬಹುದು... ಅಳಿಸುವ ಮೊದಲು ಒಂದು ಮಾತು ಕೇಳಿ.

ಇವತ್ತು ನೀವು ಯಾರ ಮಾತು ಮುಗಿಯುವ ಮುಂಚೆಯೇ ಡಿಲೀಟ್ ಒತ್ತಿದಿರಿ?